ಕಂಬಾಲಪಲ್ಲಿ: ಸಾಕ್ಷಿಗಳು ಬಾಯಿ ಮುಚ್ಚಿದ ಮೊಕದ್ದಮೆ

ಚಿಂತಾಮಣಿ ತಾಲ್ಲೂಕನ್ನು ಹೊರಗಿನವರು ಮುಖ್ಯವಾಗಿ ಎರಡು ಊರುಗಳ ಮೂಲಕ ಬಲ್ಲರು. ಒಂದು ತಾತಯ್ಯನವರ ಕೈವಾರ. ಇನ್ನೊಂದು ಅಮ್ಮಾಜಾನ್ ಬಾವಾಜಾನ್ ದರ್ಗಾ ಇರುವ ಮುರುಗಮಲ್ಲ. ಅಲ್ಲಿಗೆ ಹರಕೆ ಹೊತ್ತು ಹೋಗುವವರ ಜಾತಿ, ಧರ್ಮವನ್ನು ಯಾರೂ ಕೇಳುವುದಿಲ್ಲ. 2000ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಇದೇ ತಾಲ್ಲೂಕಿನ ಮೂರನೆಯ ಊರಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಅದು ಕಂಬಾಲಪಲ್ಲಿ.

ಮಾರ್ಚ್ 11, ಶನಿವಾರ. ಊರಿನಲ್ಲಿ ಹಳೆಯ ಕೊಲೆಯೊಂದರ ದ್ವೇಷ ಹೊಗೆಯಾಡುತ್ತಲೇ ಇತ್ತು. ದಲಿತರಿಗೂ ಮೇಲ್ಜಾತಿಯ ರೆಡ್ಡಿಗಳಿಗೂ ನಡುವೆ ಮಾತುಕತೆ ಕಡಿದುಹೋಗಿತ್ತು. ಅಂದಿನ ಗಲಭೆಯಲ್ಲಿ ಊರಿನ ನೀರುಗಂಟಿ, ಮೇಲ್ಜಾತಿಗೆ ಸೇರಿದವರು, ಕೊಲೆಯಾದರು. ಅದೂ ಕೊಲೆಯೇ, ಆ ಮನೆಯವರ ದುಃಖವೂ ದುಃಖವೇ. ಆದರೆ ಅದರ ಬೆನ್ನಿಗೆ ನಡೆದದ್ದನ್ನು ಸಿಟ್ಟಿನ ಭರದ ಹೊಡೆದಾಟ ಎನ್ನಲಾಗದು. ಗುಂಪೊಂದು ದಲಿತರ ಕೇರಿಗೆ ನುಗ್ಗಿತು. ಮನೆಗಳ ಬಾಗಿಲನ್ನು ಹೊರಗಿನಿಂದ ಭದ್ರಪಡಿಸಿ ಬೆಂಕಿ ಇಟ್ಟರು. ಒಳಗಿದ್ದ ಏಳು ಜನ ಜೀವಂತ ಸುಟ್ಟುಹೋದರು. ಅವರಲ್ಲಿ ಹೆಂಗಸರೂ ಇದ್ದರು. ಒಬ್ಬ ಹಿರಿಯರು ಹೆಂಡತಿಯನ್ನೂ ಮಕ್ಕಳನ್ನೂ ಒಂದೇ ರಾತ್ರಿ ಕಳೆದುಕೊಂಡರು. ಬಾಗಿಲನ್ನು ಹೊರಗಿನಿಂದ ಹಾಕಬೇಕಾದರೆ ಒಳಗೆ ಯಾರಿದ್ದಾರೆಂದು ಮೊದಲು ಗೊತ್ತಿರಬೇಕು. ಈ ಸಣ್ಣ ವಿವರವೇ ಇಡೀ ಘಟನೆಯ ಸ್ವರೂಪವನ್ನು ಹೇಳುತ್ತದೆ.

ಆಗ ಎಸ್. ಎಂ. ಕೃಷ್ಣ ಮುಖ್ಯಮಂತ್ರಿ. ಗೃಹಮಂತ್ರಿ ಮಲ್ಲಿಕಾರ್ಜುನ ಖರ್ಗೆ, ಸ್ವತಃ ದಲಿತ ಸಮುದಾಯದವರು. ವಿಧಾನಸೌಧದಲ್ಲಿ ಗದ್ದಲವಾಯಿತು, ಪರಿಹಾರ ಘೋಷಣೆಯಾಯಿತು, ಬಂಧನಗಳಾದವು. ರಾಜ್ಯದ ಎಲ್ಲೆಡೆ ದಲಿತ ಸಂಘಟನೆಗಳು ಬೀದಿಗಿಳಿದವು. ಇಷ್ಟೆಲ್ಲ ಆದಮೇಲೆ ತಪ್ಪಿತಸ್ಥರಿಗೆ ಶಿಕ್ಷೆ ಆಗಿಯೇ ತೀರುತ್ತದೆ ಎಂದು ಯಾರಾದರೂ ನಂಬಿದ್ದರೆ ಅದನ್ನು ಮುಗ್ಧತೆ ಎಂದು ನಗುವಂತಿರಲಿಲ್ಲ.

ಆ ನಂಬಿಕೆಗೆ ಕೋಲಾರ ಜಿಲ್ಲೆಯ ಚರಿತ್ರೆಯೇ ಆಧಾರವಾಗಿತ್ತು. (ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲವೂ ಕೋಲಾರದವೇ.) ಪರಿಶಿಷ್ಟ ಜಾತಿಯವರ ಪ್ರಮಾಣ ಇಲ್ಲಿ ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚು. 2011ರ ಜನಗಣತಿಯಂತೆ ಈಗಿನ ಚಿಕ್ಕಬಳ್ಳಾಪುರದಲ್ಲಿ ಸುಮಾರು ಕಾಲು ಭಾಗ, ಕೋಲಾರದಲ್ಲಿ ಇನ್ನೂ ಹೆಚ್ಚು. ಎಪ್ಪತ್ತರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಇಲ್ಲಿ ಆಳವಾಗಿ ಬೇರು ಬಿಟ್ಟಿತು. ಮಾಲೂರು ತಾಲ್ಲೂಕಿನ ಹುಣಸೀಕೋಟೆಯಲ್ಲಿ ದಲಿತ ಕುಟುಂಬದ ಮೇಲೆ ನಡೆದ ಕೊಲೆ ಮತ್ತು ಅತ್ಯಾಚಾರವನ್ನು ಖಂಡಿಸಿ ಬೆಂಗಳೂರಿಗೆ ನಡೆದ ಪಾದಯಾತ್ರೆ ಸಮಿತಿಯ ಮೊದಲ ದೊಡ್ಡ ಹೋರಾಟಗಳಲ್ಲೊಂದು. ಗೌರಿಬಿದನೂರು ತಾಲ್ಲೂಕಿನ ನಾಗಸಂದ್ರದ ಭೂಹೋರಾಟವೂ ದಸಂಸ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಹೆಸರು. ಹಳ್ಳಿ ಹಳ್ಳಿಗೆ ತಮಟೆಯ ಜೊತೆ ಹೋರಾಟದ ಹಾಡು ತಲುಪಿತು. ಚಪ್ಪಲಿ ಹಾಕಿಕೊಂಡು ಮೇಲುಕೇರಿಯಲ್ಲಿ ನಡೆಯುವುದು, ಹೋಟೆಲಿನಲ್ಲಿ ಬೇರೆ ಲೋಟ ಬೇಡವೆನ್ನುವುದು, ಸರ್ಕಾರಿ ಜಮೀನಿನಲ್ಲಿ ಪಾಲು ಕೇಳುವುದು ಎಲ್ಲ ಶುರುವಾಯಿತು. ಕಂಬಾಲಪಲ್ಲಿಯ ಬೆಂಕಿಯನ್ನು ಎರಡು ಮನೆತನಗಳ ಹಗೆ ಎಂದು ಮಾತ್ರ ನೋಡುವವರು ಈ ಹಿನ್ನೆಲೆಯನ್ನು ಬಿಟ್ಟುಬಿಡುತ್ತಾರೆ. ತಲೆ ತಗ್ಗಿಸಿ ನಡೆಯುತ್ತಿದ್ದ ಕಾಲದಲ್ಲಿ ದಲಿತರನ್ನು ಹೊಡೆಯುತ್ತಿದ್ದರು. ತಲೆ ಎತ್ತಿದ ಮೇಲೆ ಕೇರಿಗೇ ಬೆಂಕಿ ಇಡುವ ಮಟ್ಟಕ್ಕೆ ಹೋದರು.

ಇನ್ನು ಮೊಕದ್ದಮೆ. ಕೋಲಾರದ ಸೆಷನ್ಸ್ ನ್ಯಾಯಾಲಯ 2006ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಆರೋಪಿಗಳೆಲ್ಲರೂ ಖುಲಾಸೆಯಾದರು. ಪೊಲೀಸರ ಮುಂದೆ ಹೆಸರು ಹೇಳಿದ್ದ ಸಾಕ್ಷಿಗಳು ಕೋರ್ಟಿನ ಕಟಕಟೆಯಲ್ಲಿ ನಿಂತಾಗ ತಾವು ಯಾರನ್ನೂ ನೋಡಿಲ್ಲ ಎಂದರು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2014ರಲ್ಲಿ ಹೈಕೋರ್ಟ್ ಕೂಡ ಖುಲಾಸೆಯನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಬೆಂಕಿ ಇಟ್ಟದ್ದು ನಿಜ. ಇಟ್ಟವರು ಮಾತ್ರ ಕಾನೂನಿನ ಲೆಕ್ಕದಲ್ಲಿ ಯಾರೂ ಅಲ್ಲ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ತನಿಖೆಯ ಹೊತ್ತಿನಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. ಅದು ನ್ಯಾಯಾಲಯದಲ್ಲಿ ಪುರಾವೆಯಾಗುವುದಿಲ್ಲ. ಸಾಕ್ಷಿ ಮಾತು ಬದಲಿಸಿದರೆ 'ಹಿಂದೆ ಹೀಗೆ ಹೇಳಿದ್ದೆಯಲ್ಲ' ಎಂದು ಕೆಣಕಿ ಕೇಳಲು ಮಾತ್ರ ಬಳಕೆಯಾದೀತು. ಇದಕ್ಕೆ ಕಾರಣವೂ ಇದೆ. ಪೊಲೀಸರೇ ಬರೆದದ್ದನ್ನು ಪುರಾವೆ ಎಂದು ಒಪ್ಪಿದರೆ ಅಮಾಯಕರನ್ನು ಸಿಕ್ಕಿಸುವುದು ಬಹಳ ಸುಲಭವಾದೀತು. ಅದರ ಬಿಸಿ ಏನೆಂದು ಈ ದೇಶದ ಮುಸ್ಲಿಮರಿಗೂ ದಲಿತರಿಗೂ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ನಿಯಮವನ್ನು ಬೈದು ಪ್ರಯೋಜನವಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿಸಿ ಹೇಳಿಕೆ ದಾಖಲಿಸಬಹುದಾದರೂ ಅದು ಕೂಡ ಕಟಕಟೆಯ ಮಾತಿಗೆ ಬದಲಿಯಾಗದು. ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಕೋರ್ಟಿನಲ್ಲಿ ಆ ದಿನ ಬಾಯಿಬಿಟ್ಟು ಹೇಳುವ ಮನುಷ್ಯನ ಮೇಲೆ.

ಆ ಮನುಷ್ಯ ಯಾರು? ಘಟನೆಗೂ ತೀರ್ಪಿಗೂ ನಡುವೆ ಆರು ವರ್ಷ ಒಂಬತ್ತು ತಿಂಗಳು ಕಳೆದಿತ್ತು. ಅಷ್ಟು ದಿನ ಕೂಲಿಗೆ ಹೋಗಬೇಕು. ನೀರು, ದಾರಿ, ಕೈಸಾಲ, ಹಿಪ್ಪುನೇರಳೆ ಸೊಪ್ಪಿನ ಕೆಲಸ ಎಲ್ಲದಕ್ಕೂ ಇಂಥ ಹಳ್ಳಿಗಳಲ್ಲಿ ಜಮೀನುಳ್ಳವರ ಮುಖವನ್ನೇ ನೋಡಬೇಕು. ಬೆರಳು ತೋರಿಸಬೇಕಾದದ್ದೂ ಅದೇ ಕಡೆಯವರತ್ತ. ಹಣ ಕೊಟ್ಟರೋ, ಹೆದರಿಸಿದರೋ, ಊರಿನ ಹಿರಿಯರು ಕೂತು ರಾಜಿ ಮಾಡಿಸಿದರೋ ಎಂದು ಚರ್ಚಿಸುವುದು ಸುಲಭ. ಇದೊಂದೂ ಇಲ್ಲದೆಯೂ ಸಾಕ್ಷಿಯ ನಾಲಗೆ ಒಣಗುವುದಕ್ಕೆ ಅಲ್ಲಿ ಬೇಕಾದಷ್ಟು ಕಾರಣಗಳಿದ್ದವು.

ಇದನ್ನು ಅರಿಯಲು ಅಮೆರಿಕದ ಚರಿತ್ರೆ ನೆರವಾಗುತ್ತದೆ. ಕರಿಯರ ನಾಗರಿಕ ಹಕ್ಕುಗಳ ಚಳವಳಿಗೂ ನಮ್ಮ ದಲಿತ ಚಳವಳಿಗೂ ನಂಟು ಹಳೆಯದು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆದಿತ್ತು. ಅಲ್ಲಿಯೂ ಹೋರಾಟಗಾರರ ಕೊಲೆಗಳು ದಶಕಗಟ್ಟಲೆ ಶಿಕ್ಷೆಯಿಲ್ಲದೆ ಉಳಿದಿದ್ದವು.

ಕಂಬಾಲಪಲ್ಲಿಯ ಜೊತೆ ಇಟ್ಟು ನೋಡಬಹುದಾದದ್ದು ವೆರ್ನನ್ ಡಾಮರ್ ಪ್ರಕರಣ. ಮಿಸಿಸಿಪ್ಪಿ ರಾಜ್ಯದ ಹ್ಯಾಟಿಸ್‌ಬರ್ಗ್ ಬಳಿಯ ಈ ಕರಿಯ ರೈತ ಕಿರಾಣಿ ಅಂಗಡಿಯನ್ನೂ ಇಟ್ಟುಕೊಂಡಿದ್ದರು. ಆಗ ಓಟು ಹಾಕಲು ಕಟ್ಟಬೇಕಿದ್ದ ತೆರಿಗೆಯನ್ನು ಕರಿಯರು ತಮ್ಮ ಅಂಗಡಿಯಲ್ಲೇ ಕಟ್ಟಬಹುದೆಂದು ಅವರು ಸಾರಿದರು. ಅವರು ಮಾಡಿದ ಅಪರಾಧ ಇಷ್ಟೇ. 1966ರ ಜನವರಿ 10ರ ನಸುಕಿನಲ್ಲಿ ಕು ಕ್ಲಕ್ಸ್ ಕ್ಲಾನ್‌ನವರು ಅವರ ಮನೆಗೆ ಪೆಟ್ರೋಲ್ ಬಾಂಬು ಎಸೆದರು. ಮನೆಯವರು ತಪ್ಪಿಸಿಕೊಳ್ಳಲೆಂದು ಡಾಮರ್ ಉರಿಯ ನಡುವೆ ನಿಂತು ಗುಂಡು ಹಾರಿಸಿದರು. ಅದೇ ದಿನ ತೀರಿಕೊಂಡರು. ಆಜ್ಞೆ ಕೊಟ್ಟ ಕ್ಲಾನ್ ನಾಯಕ ಸ್ಯಾಮ್ ಬವರ್ಸ್ ಅರವತ್ತರ ದಶಕದಲ್ಲಿ ಮತ್ತೆ ಮತ್ತೆ ವಿಚಾರಣೆ ಎದುರಿಸಿದರೂ ಜ್ಯೂರಿಗಳಲ್ಲಿ ಒಮ್ಮತ ಮೂಡದೆ ಪಾರಾದ. ಡಾಮರ್ ಕುಟುಂಬ ಬಿಡಲಿಲ್ಲ. ಜೆರ್ರಿ ಮಿಚೆಲ್ ಎಂಬ ಪತ್ರಕರ್ತ ಹಳೆಯ ಕಡತಗಳನ್ನು ಕೆದಕಿದ. ಬೆಂಕಿ ಇಡಲು ಹೋಗಿದ್ದ ಗುಂಪಿನವನೇ ಒಬ್ಬ ಸಾಕ್ಷಿ ನುಡಿದ. 1998ರಲ್ಲಿ, ಮೂವತ್ತೆರಡು ವರ್ಷಗಳ ಮೇಲೆ, ಬವರ್ಸ್‌ಗೆ ಜೀವಾವಧಿ ಶಿಕ್ಷೆಯಾಯಿತು. 2006ರಲ್ಲಿ ಆತ ಸೆರೆಮನೆಯಲ್ಲೇ ಸತ್ತ. ಕಂಬಾಲಪಲ್ಲಿಯ ಖುಲಾಸೆಯೂ ಅದೇ ವರ್ಷದ್ದು.

1963ರಲ್ಲಿ ಮೆಡ್ಗರ್ ಎವರ್ಸ್‌ರನ್ನು ಕೊಂದವನಿಗೆ 1994ರಲ್ಲಿ ಶಿಕ್ಷೆಯಾಯಿತು. 1964ರಲ್ಲಿ ಮೂವರು ಯುವ ಕಾರ್ಯಕರ್ತರ ಕೊಲೆಗೆ ಸಂಚು ಮಾಡಿದ ಎಡ್ಗರ್ ರೇ ಕಿಲ್ಲೆನ್‌ಗೆ 2005ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅರವತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ಇವನ್ನು ಓದಿದಾಗ ನಮ್ಮಲ್ಲಿಯೂ ಹೀಗೇಕೆ ಆಗಬಾರದು ಎನ್ನಿಸುವುದು ಸಹಜ. ನಮ್ಮ ದೇಶದಲ್ಲಿಯೂ ಕೊಲೆ ಮೊಕದ್ದಮೆಗೆ ಕಾಲಮಿತಿ ಇಲ್ಲವಲ್ಲ!

ಆದರೆ ಗಮನಿಸಿ. ಇವರ್ಯಾರೂ ಹಿಂದೆ ಖುಲಾಸೆಯಾದವರಲ್ಲ. ಜ್ಯೂರಿಗಳು ಒಮ್ಮತಕ್ಕೆ ಬಾರದೆ ವಿಚಾರಣೆ ಅರ್ಧಕ್ಕೆ ನಿಂತಿತ್ತು, ಅಥವಾ ರಾಜ್ಯ ಸರ್ಕಾರ ಕೊಲೆಯ ಆರೋಪವನ್ನೇ ಹೊರಿಸಿರಲಿಲ್ಲ. ಆದ್ದರಿಂದ ಬಾಗಿಲು ತೆರೆದೇ ಇತ್ತು. ಎಮೆಟ್ ಟಿಲ್‌ನ ಕಥೆ ಬೇರೆ. 1955ರಲ್ಲಿ ಹದಿನಾಲ್ಕರ ಆ ಹುಡುಗನನ್ನು ಕೊಂದ ಇಬ್ಬರು ಬಿಳಿಯರನ್ನು ಬಿಳಿಯರದ್ದೇ ಜ್ಯೂರಿ ಒಂದು ಗಂಟೆ ಚಿಲ್ಲರೆ ಸಮಯದಲ್ಲಿ ಬಿಡುಗಡೆ ಮಾಡಿತು. ಮರುವರ್ಷವೇ ಅವರಿಬ್ಬರೂ ಪತ್ರಿಕೆಯೊಂದರಿಂದ ಹಣ ಪಡೆದು ತಾವೇ ಕೊಂದದ್ದೆಂದು ಒಪ್ಪಿಕೊಂಡರು. ಕಾನೂನು ಏನೂ ಮಾಡಲಾಗಲಿಲ್ಲ. ಒಮ್ಮೆ ಖುಲಾಸೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿಲ್ಲ. ಈ ನಿಯಮ ನಮ್ಮಲ್ಲೂ ಇದೆ. ಕಂಬಾಲಪಲ್ಲಿ ಡಾಮರ್ ಸಾಲಿಗೆ ಸೇರದೆ ಟಿಲ್ ಸಾಲಿಗೆ ಸೇರಿರುವುದು ಇದರಿಂದಲೇ.

ಟಿಲ್ ಪ್ರಕರಣದಲ್ಲಿ ಇನ್ನೊಬ್ಬರಿದ್ದರು, ಹುಡುಗನ ತಾಯಿಯ ಚಿಕ್ಕಪ್ಪ ಮೋಸ್ ರೈಟ್. ಗೇಣಿಗೆ ಹತ್ತಿ ಬೆಳೆಯುತ್ತಿದ್ದ ಬಡ ಕರಿಯ. ಕಟಕಟೆಯಲ್ಲಿ ಎದ್ದುನಿಂತು, ತನ್ನ ಮನೆಯಿಂದ ಹುಡುಗನನ್ನು ಎಳೆದೊಯ್ದ ಬಿಳಿಯರತ್ತ ಬೆರಳು ತೋರಿಸಿದರು. ಆ ಕಾಲದ ಮಿಸಿಸಿಪ್ಪಿಯಲ್ಲಿ ಅದು ಪ್ರಾಣವನ್ನು ಪಣಕ್ಕಿಟ್ಟ ಕೆಲಸ. ವಿಚಾರಣೆ ಮುಗಿದ ಮೇಲೆ ಅವರಿಗೆ ಆ ರಾಜ್ಯದಲ್ಲಿ ಬಾಳಲಾಗಲಿಲ್ಲ. ಬೆಳೆಯನ್ನು ಹಾಗೇ ಬಿಟ್ಟು ಶಿಕಾಗೋಗೆ ಹೊರಟುಹೋದರು. ಅವರಿಗೆ ಹೋಗಲು ಒಂದು ಶಿಕಾಗೋ ಇತ್ತು. ಚಿಂತಾಮಣಿ ತಾಲ್ಲೂಕಿನ ಕೂಲಿಯವನ ಶಿಕಾಗೋ ಎಲ್ಲಿದೆ?

ನಮ್ಮ ಕಾನೂನಿನಲ್ಲಿ ದಾರಿಯೇ ಇರಲಿಲ್ಲವೆಂದು ಹೇಳುವಂತಿಲ್ಲ. 2002ರ ಮಾರ್ಚ್ 1ರಂದು ವಡೋದರದ ಬೆಸ್ಟ್ ಬೇಕರಿಯಲ್ಲಿ 14 ಜನರನ್ನು ಕೊಂದ ಪ್ರಕರಣ ನೆನಪಿರಬಹುದು. ಅಲ್ಲಿಯೂ ಸುಟ್ಟದ್ದು, ಅಲ್ಲಿಯೂ ಸಾಕ್ಷಿಗಳು ತಿರುಗಿಬಿದ್ದದ್ದು, ಅಲ್ಲಿಯೂ ಎಲ್ಲ 21 ಆರೋಪಿಗಳು 2003ರಲ್ಲಿ ಖುಲಾಸೆಯಾದದ್ದು. ಸುಪ್ರೀಂ ಕೋರ್ಟ್ 2004ರ ಏಪ್ರಿಲಿನಲ್ಲಿ ಆ ವಿಚಾರಣೆ ವಿಚಾರಣೆಯೇ ಅಲ್ಲ ಎಂಬ ನೆಲೆಯಲ್ಲಿ ಖುಲಾಸೆಯನ್ನು ರದ್ದುಮಾಡಿ, ಮೊಕದ್ದಮೆಯನ್ನು ಮಹಾರಾಷ್ಟ್ರಕ್ಕೆ ಸಾಗಿಸಿತು. 2006ರ ಫೆಬ್ರವರಿಯಲ್ಲಿ ಮುಂಬೈ ನ್ಯಾಯಾಲಯ ಒಂಬತ್ತು ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2012ರಲ್ಲಿ ಬಾಂಬೆ ಹೈಕೋರ್ಟ್ ಅವರಲ್ಲಿ ಐವರನ್ನು ಬಿಟ್ಟು ನಾಲ್ವರ ಶಿಕ್ಷೆಯನ್ನು ಉಳಿಸಿತು. ಮುಖ್ಯ ಸಾಕ್ಷಿ ಝಾಹಿರಾ ಶೇಖ್ ಮತ್ತೆ ಮಾತು ಬದಲಿಸಿ ಕೊನೆಗೆ ತಾನೇ ಒಂದು ವರ್ಷ ಜೈಲಿಗೆ ಹೋಗಬೇಕಾಯಿತು. ಹೆದರಿದ ಹುಡುಗಿಯನ್ನು ಜೈಲಿಗೆ ಕಳಿಸಿದ್ದು ಸರಿಯೇ ಎಂಬ ಪ್ರಶ್ನೆ ಈ ಲೇಖಕನಿಗೆ ಇನ್ನೂ ಉಳಿದಿದೆ. ಅದೇನಿದ್ದರೂ, ಸಾಕ್ಷಿಗಳು ಬಾಯಿ ಮುಚ್ಚಿದ ಮಾತ್ರಕ್ಕೆ ಸತ್ಯ ಸಾಯಬೇಕಿಲ್ಲ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿತ್ತು. ಕಂಬಾಲಪಲ್ಲಿಯ ತೀರ್ಪು ಬರುವ ಹೊತ್ತಿಗೆ ಈ ಮಾದರಿ ಕಣ್ಣೆದುರಿಗೇ ಇತ್ತು. ಆದರೂ ಇಲ್ಲಿ ಮರುವಿಚಾರಣೆ ನಡೆಯಲಿಲ್ಲ.

ಇದು ಕರ್ನಾಟಕದ ಕಥೆ ಮಾತ್ರ ಎನ್ನುವಂತಿಲ್ಲ. 1968ರ ಡಿಸೆಂಬರ್ 25ರಂದು ತಂಜಾವೂರಿನ ಕೀಳ್‌ವೆಣ್ಮಣಿಯಲ್ಲಿ 44 ದಲಿತರನ್ನು ಒಂದು ಗುಡಿಸಲಲ್ಲಿ ಸುಟ್ಟರು. ಕಾರು ಇಟ್ಟುಕೊಂಡ ಜಮೀನುದಾರರು ನಡೆದು ಹೋಗಿ ಬೆಂಕಿ ಇಟ್ಟಾರೆಂದು ನಂಬುವುದು ಕಷ್ಟ ಎಂಬ ಅರ್ಥದ ಮಾತು ಮದ್ರಾಸ್ ಹೈಕೋರ್ಟಿನ ತೀರ್ಪಿನಲ್ಲಿತ್ತು. ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ 1997ರಲ್ಲಿ 58 ಜನರನ್ನು ಕೊಂದವರೆಂದು ಕೆಳಗಿನ ಕೋರ್ಟು ಶಿಕ್ಷಿಸಿದ್ದವರನ್ನೆಲ್ಲ 2013ರಲ್ಲಿ ಹೈಕೋರ್ಟ್ ಬಿಟ್ಟುಬಿಟ್ಟಿತು. ಆಂಧ್ರದ ಚುಂಡೂರಿನಲ್ಲಿ 1991ರಲ್ಲಿ ನಡೆದ ದಲಿತರ ಹತ್ಯೆಯ ಮೊಕದ್ದಮೆಯೂ 2014ರಲ್ಲಿ ಹೀಗೆಯೇ ಮುಗಿಯಿತು.

ಕಂಬಾಲಪಲ್ಲಿಯ ಹೊತ್ತಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇತ್ತು, 1995ರ ನಿಯಮಗಳಿದ್ದವು. ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ತನಿಖೆ ಮಾಡಬೇಕು, ಸಾಕ್ಷಿಗಳಿಗೆ ಪ್ರಯಾಣಭತ್ಯೆ ಕೊಡಬೇಕು ಎಂದೆಲ್ಲ ಬರೆದಿತ್ತು. ಸಾಕ್ಷಿ ಹೇಳಿದ ಸಂಜೆ ಆತ ಯಾವ ಊರಿಗೆ ಮರಳಬೇಕೆಂಬುದಕ್ಕೆ ಉತ್ತರವಿರಲಿಲ್ಲ. ಉತ್ತರ ಬಂದದ್ದು 2015ರ ತಿದ್ದುಪಡಿಯಲ್ಲಿ. 2016ರ ಜನವರಿಯಿಂದ ಜಾರಿಗೆ ಬಂದ 15ಎ ಕಲಂ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ, ಅಗತ್ಯವಿದ್ದರೆ ಸ್ಥಳಾಂತರ, ವಿಚಾರಣೆಯ ಕಾಲದಲ್ಲಿ ಆರ್ಥಿಕ ಪುನರ್ವಸತಿ ಕೊಡುವುದನ್ನು ಸರ್ಕಾರದ ಕರ್ತವ್ಯವಾಗಿಸಿತು. 2018ರ ಡಿಸೆಂಬರಿನಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ದೇಶವ್ಯಾಪಿ ಮಾನ್ಯತೆ ಕೊಟ್ಟಿತು.

ಕಂಬಾಲಪಲ್ಲಿಯ ಖುಲಾಸೆಯನ್ನು ಹೈಕೋರ್ಟ್ ಎತ್ತಿಹಿಡಿದ ವರ್ಷವೇ, 2014ರ ಆಗಸ್ಟಿನಲ್ಲಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ ಆ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರಲ್ಲಿ ಬಹುತೇಕರಿಗೆ ಮರುತಿಂಗಳೇ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು.