ಎಂಜಿನ್ ಇಳಿಸುವ ದಾರಿ: ಮಿನಿ ಮತ್ತು ಮಾರುತಿ 800 ಕುರಿತು ಒಂದು ಟಿಪ್ಪಣಿ

ಮುಂದಿನ ಚಕ್ರಗಳೇ ಎಳೆಯುವ ಸಣ್ಣ ಕಾರಿನಲ್ಲಿ ಕ್ಲಚ್ ಪ್ಲೇಟ್ ಸವೆದರೆ ಏನೇನು ಬಿಚ್ಚಬೇಕು? ಮಾರುತಿ 800 ಆದರೆ ಗೇರ್‌ಬಾಕ್ಸ್ ಇಳಿಸಬೇಕು. ಬ್ರಿಟನ್ನಿನ ಹಳೆಯ ಮಿನಿಯಾದರೆ ಗೇರ್‌ಬಾಕ್ಸನ್ನು ಮುಟ್ಟಬೇಕಾಗಿಯೇ ಇಲ್ಲ. ಎಂಜಿನ್ ಕಾರಿನಲ್ಲೇ ಇರುವಾಗ ಕ್ಲಚ್ಚು ಬದಿಯಿಂದ ಹೊರಬರುತ್ತದೆ. ಅದೇ ಮಿನಿಯ ಎರಡನೇ ಗೇರಿನ ಸಿಂಕ್ರೊ ರಿಂಗ್ ಹೋಯಿತೆನ್ನಿ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೆ ಹೊರತೆಗೆಯದೆ ಗತಿಯಿಲ್ಲ. ಮಾರುತಿಯಲ್ಲಿ ಆ ಕೆಲಸಕ್ಕೆ ಎಂಜಿನ್ ಅಲುಗಬೇಕಿಲ್ಲ. ಎರಡೂ ಮೂರು ಮೀಟರಿಗೆ ತುಸು ಹೆಚ್ಚು ಉದ್ದದ ಕಾರುಗಳು, ಎರಡರಲ್ಲೂ ಎಂಜಿನ್ ಅಡ್ಡಲಾಗಿ ಕೂತಿದೆ. ಆದರೂ ಗ್ಯಾರೇಜಿನ ಕೆಲಸ ಹೀಗೆ ತಿರುವುಮುರುವಾಗಿರುವುದಕ್ಕೆ, ಗೇರ್‌ಬಾಕ್ಸನ್ನು ಎಂಜಿನ್ನಿನ ಯಾವ ಮಗ್ಗುಲಿಗೆ ಕೂರಿಸಬೇಕೆಂದು ನಕ್ಷೆಯ ಹಂತದಲ್ಲೇ ಆದ ತೀರ್ಮಾನ ಕಾರಣವೆಂಬುದು ನನ್ನ ವಾದ.

ಮೊದಲು ಮಿನಿಯನ್ನು ನೋಡೋಣ. 1956ರ ಸೂಯೆಜ್ ಬಿಕ್ಕಟ್ಟು ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ತಂದಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಅವರಿಗೆ ನಾಲ್ವರು ಕೂರುವ, ಕಡಿಮೆ ಪೆಟ್ರೋಲ್ ಕುಡಿಯುವ ಕಾರು ಬೇಕಿತ್ತು. ಎಂಜಿನ್ ಮಾತ್ರ ಕಂಪನಿಯಲ್ಲಿ ಆಗಲೇ ತಯಾರಾಗುತ್ತಿದ್ದದ್ದೇ ಆಗಬೇಕಿತ್ತು. ಕಂಪನಿಯ ವಿನ್ಯಾಸಕ ಅಲೆಕ್ ಇಸಿಗೊನಿಸ್ ಎ-ಸರಣಿಯ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಅಡ್ಡ ತಿರುಗಿಸಿದರು. ಅದರ ತುದಿಗೆ ಗೇರ್‌ಬಾಕ್ಸನ್ನೂ ಸೇರಿಸಿದರೆ ಎರಡು ಚಕ್ರಗಳ ನಡುವೆ ಜಾಗ ಸಾಲದು. ಹಾಗಾಗಿ ಗೇರುಗಳನ್ನು ಎಂಜಿನ್ನಿನ ಅಡಿಯಲ್ಲಿ, ಆಯಿಲ್ ನಿಲ್ಲುವ ಸಂಪ್‌ನೊಳಗೇ ಇಟ್ಟರು. 1959ರ ಆಗಸ್ಟಿನಲ್ಲಿ 848 ಸಿಸಿಯ ಮಿನಿ ಮಾರುಕಟ್ಟೆಗೆ ಬಂತು.

ಈ ಜೋಡಣೆಯಲ್ಲಿ ಫ್ಲೈವೀಲ್ ಮತ್ತು ಕ್ಲಚ್ ಎಂಜಿನ್ನಿನ ಬಲತುದಿಯಲ್ಲಿ ಹೊರಮುಖವಾಗಿ ಕೂರುತ್ತವೆ. ಅಲ್ಲಿಂದ ಶಕ್ತಿ ಗೇರುಗಳ ಮೂಲಕ ಕೆಳಗಿನ ಗೇರ್‌ಬಾಕ್ಸಿಗೆ ಇಳಿಯುತ್ತದೆ. ಬಲಬದಿಯ ಮೌಂಟಿಂಗ್ ಬಿಚ್ಚಿ, ಎಂಜಿನ್ನನ್ನು ಆ ಕಡೆ ಸ್ವಲ್ಪ ಎತ್ತಿದರೆ ಕ್ಲಚ್ಚಿನ ಮುಚ್ಚಳ ಹೊರಗೆ ಬರುತ್ತದೆ. ಕ್ರ್ಯಾಂಕ್‌ಶಾಫ್ಟಿನ ಇಳಿಜಾರು ತುದಿಗೆ ಬಿಗಿಯಾಗಿ ಕಚ್ಚಿಕೊಂಡಿರುವ ಫ್ಲೈವೀಲನ್ನು ಕೀಳಲು ಅದಕ್ಕೆಂದೇ ಮಾಡಿದ ಪುಲ್ಲರ್ ಬೇಕು, ಅಷ್ಟೆ. ಆದರೆ ಗೇರಿನ ಹಲ್ಲು ಮುರಿದರೆ ತೊಂದರೆ ಎರಡು ಬಗೆಯದು. ಇಡೀ ಘಟಕವನ್ನು ಚೈನ್ ಪುಲ್ಲಿಯಿಂದ ಮೇಲೆತ್ತಬೇಕು, ಇಲ್ಲವೇ ಮುಂದಿನ ಸಬ್‌ಫ್ರೇಮಿನ ಜೊತೆ ಕೆಳಗೆ ಬಿಟ್ಟು ಕಾರಿನ ಮೈಯನ್ನೇ ಅದರ ಮೇಲಿಂದ ಎತ್ತಬೇಕು. ಇನ್ನೊಂದು, ಎಂಜಿನ್ನಿಗೂ ಗೇರಿಗೂ ಒಂದೇ ಆಯಿಲ್ ಆದ್ದರಿಂದ ಲೋಹದ ಚೂರು ಬೇರಿಂಗುಗಳವರೆಗೂ ಹೋಗಿರಬಹುದು; ಕೆಟ್ಟದ್ದು ಗೇರ್‌ಬಾಕ್ಸಾದರೂ ಪರೀಕ್ಷೆ ಎಂಜಿನ್ನಿಗೂ ಆಗಬೇಕು.

ಇನ್ನೊಂದು ದಾರಿ ಇಟಲಿಯಲ್ಲಿ ತೆರೆಯಿತು. ಫಿಯೆಟ್‌ನ ಡಾಂಟೆ ಜಕೋಸಾ ಗೇರ್‌ಬಾಕ್ಸನ್ನು ಎಂಜಿನ್ನಿನ ತುದಿಗೇ, ಒಂದೇ ಸಾಲಿನಲ್ಲಿ ಜೋಡಿಸಿದರು. ಎರಡಕ್ಕೂ ಬೇರೆ ಬೇರೆ ಆಯಿಲ್. ಕ್ಲಚ್ಚು ಬಿಡಿಸುವ ಭಾಗವನ್ನು ಚಿಕ್ಕದು ಮಾಡಿ ಉದ್ದ ಉಳಿಸಿದರು. ಡಿಫರೆನ್ಷಿಯಲ್ ಒಂದು ಪಕ್ಕಕ್ಕೆ ಸರಿದದ್ದರಿಂದ ಎರಡು ಎಕ್ಸಲ್‌ಗಳು ಒಂದು ಉದ್ದ, ಒಂದು ಗಿಡ್ಡ ಆದವು. ಫಿಯೆಟ್ ಹೆಸರಿಗೆ ಪೆಟ್ಟು ಬೀಳಬಾರದೆಂದು ಇದನ್ನು 1964ರಲ್ಲಿ ಆಟೊಬಿಯಾಂಕಿ ಪ್ರಿಮುಲಾದಲ್ಲಿ ಮೊದಲು ಪರೀಕ್ಷಿಸಿ, 1969ರಲ್ಲಿ ಫಿಯೆಟ್ 128ಕ್ಕೆ ತಂದರು. ಇಂದಿನ ಬಹುತೇಕ ಸಣ್ಣ ಕಾರುಗಳದ್ದು ಇದೇ ವಂಶ. 1983ರ ಡಿಸೆಂಬರಿನಲ್ಲಿ ಗುರ್‌ಗಾಂವ್‌ನಿಂದ ಹೊರಬಂದು, 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕೂಡ ಅದಕ್ಕೇ ಸೇರಿದ್ದು.

ಅಷ್ಟು ಸಣ್ಣ ಕಾರಿನಲ್ಲಿ ಮಾರುತಿಗೆ ಇದು ಸಾಧ್ಯವಾದದ್ದು ಹೇಗೆ? ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರದ ಒಂದು ಭಾಗ ಸಿಗುತ್ತದೆ. 848 ಸಿಸಿ ಮಿನಿ ಎಂಜಿನ್ನಿನ ಬೋರ್ 62.9 ಮಿ.ಮೀ., ಸಿಲಿಂಡರ್ ನಾಲ್ಕು. ಬೋರುಗಳ ಅಗಲವನ್ನಷ್ಟೇ ಕೂಡಿದರೆ ಸುಮಾರು 252 ಮಿ.ಮೀ. ಮಾರುತಿಯ 796 ಸಿಸಿ ಎಂಜಿನ್ನಿನ ಬೋರ್ 68.5 ಮಿ.ಮೀ., ಸಿಲಿಂಡರ್ ಮೂರು. ಮೊತ್ತ ಸುಮಾರು 206. ಅಂದರೆ 46 ಮಿ.ಮೀ. ಉಳಿತಾಯ, ಜೊತೆಗೆ ಸಿಲಿಂಡರುಗಳ ನಡುವಿನ ಒಂದು ಗೋಡೆಯೂ ಕಡಿಮೆ. ಹೆಚ್ಚುಕಡಿಮೆ ಅಷ್ಟೇ ಸಿಸಿಯ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಬಿಟ್ಟದ್ದು ಗೇರ್‌ಬಾಕ್ಸಿಗೆ ಪಕ್ಕದಲ್ಲಿ ಜಾಗ ಕೊಟ್ಟಿತು ಎಂದು ನಾನು ಓದುತ್ತೇನೆ.

ನಮ್ಮ ರಸ್ತೆಗಳಿಗೆ ಯಾವುದು ಒಳ್ಳೆಯದು? ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಹಾಫ್ ಕ್ಲಚ್ಚಿನಲ್ಲಿ ಹತ್ತುವ ಕಾರಿಗೆ ಗೇರಿಗಿಂತ ಮೊದಲು ಸವೆಯುವುದು ಕ್ಲಚ್ ಪ್ಲೇಟು. ಆ ಲೆಕ್ಕದಲ್ಲಿ ಮಿನಿಯ ಪಕ್ಷ ವಹಿಸಬೇಕು. ಹಾಗಿದ್ದರೂ ನನ್ನ ಒಲವು ಜಕೋಸಾ ಕಡೆಗೇ. ಲಿಫ್ಟ್ ಇಲ್ಲದ ಸಣ್ಣ ಊರಿನ ಗ್ಯಾರೇಜಿನಲ್ಲಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿದ ಕಾರಿನಡಿ ಒಂದು ಜಾಕಿ, ಒಂದು ಮರದ ತುಂಡು ಇಟ್ಟು ಗೇರ್‌ಬಾಕ್ಸನ್ನಷ್ಟೇ ಇಳಿಸಿಕೊಳ್ಳಬಹುದೆನ್ನುವುದು ದೊಡ್ಡ ಅನುಕೂಲ.

ಇಳಿಸುವ ಕ್ರಮದ ಬಹುಭಾಗ ಎಲ್ಲರಿಗೂ ಗೊತ್ತಿರುವಂಥದ್ದು: ಬ್ಯಾಟರಿಯ ನೆಗೆಟಿವ್ ಮೊದಲು, ಆಮೇಲೆ ಗೇರ್ ಆಯಿಲ್, ಕೇಬಲ್, ಗೇರ್ ರಾಡ್, ಸ್ಟಾರ್ಟರ್, ಎಂಜಿನ್ನೂ ಬರುವುದಾದರೆ ಕೂಲಂಟ್, ಸೈಲೆನ್ಸರ್ ಪೈಪು. ಎಚ್ಚರ ಬೇಕಾದದ್ದು ಎಕ್ಸಲ್ ತೆಗೆಯುವಾಗ. ಅದರ ಒಳಗಿನ ಜಾಯಿಂಟ್, ಚಕ್ರ ಏಳುತ್ತಾ ಬೀಳುತ್ತಾ ಇದ್ದಂತೆ ಒಳಕ್ಕೂ ಹೊರಕ್ಕೂ ಜಾರುವಂತೆ ಮಾಡಿದ್ದು. ಶಾಫ್ಟನ್ನೇ ಹಿಡಿದು ಎಳೆದರೆ ಲಾಕ್ ರಿಂಗ್ ಡಿಫರೆನ್ಷಿಯಲ್‌ನಿಂದ ಬಿಡುವ ಮೊದಲೇ ಜಾಯಿಂಟು ಬೂಟಿನೊಳಗೆ ಕಳಚಿಕೊಳ್ಳುತ್ತದೆ. ಗೇರ್‌ಬಾಕ್ಸಿನ ಮೈಗೂ ಜಾಯಿಂಟಿನ ಬಟ್ಟಲಿಗೂ ನಡುವೆ ಲಿವರ್ ಕೊಟ್ಟು, ಆಯಿಲ್ ಸೀಲಿಗೆ ಗೀರು ಬೀಳದಂತೆ ಮೀಟಬೇಕು. ಎಕ್ಸಲನ್ನು ಪೂರ್ತಿ ಹೊರಗಿಟ್ಟ ಮೇಲೆ ಜಾಗ ಬೇಕೆಂದು ಕಾರನ್ನು ಚಕ್ರದ ಮೇಲೆ ಇಳಿಸಿ ತಳ್ಳುವುದೂ ಸರಿಯಲ್ಲ. ಇಂಥ ಹಲವು ಕಾರುಗಳಲ್ಲಿ ಹಬ್ ಬೇರಿಂಗನ್ನು ಬಿಗಿಹಿಡಿದಿರುವುದು ಎಕ್ಸಲಿನ ತುದಿ ಮತ್ತು ಅದರ ನಟ್ಟು. ಆ ಬಿಗಿತವಿಲ್ಲದೆ ಕಾರಿನ ಭಾರ ಬಿದ್ದರೆ ಬೇರಿಂಗ್ ಹಾಳಾಗುತ್ತದೆ.

ಮರಳಿ ಕೂರಿಸುವಾಗ ಗೇರ್‌ಬಾಕ್ಸಿನ ಭಾರ ಒಂದು ಕ್ಷಣವೂ ಇನ್‌ಪುಟ್ ಶಾಫ್ಟಿನ ಮೇಲೆ ಜೋತು ಬೀಳಬಾರದು. ಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ, ಹೊಸ ಕ್ಲಚ್ಚು ಮೊದಲ ದಿನದಿಂದಲೇ ನಡುಗುತ್ತದೆ. ಬೋಲ್ಟ್ ಬಿಗಿದು ಎಳೆದುಕೊಳ್ಳೋಣ ಎನ್ನುವ ಅವಸರವೂ ಬೇಡ. ಎರಡು ಹೌಸಿಂಗುಗಳು ಕೈಯಿಂದ ಒತ್ತಿದಾಗಲೇ ಸಂದಿಲ್ಲದೆ ಕೂಡಬೇಕು.

ಕೊನೆಯದು ಅರ್ಥ್ ವೈರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇದರ ದೋಷ ಬೇರೆಲ್ಲೋ ಕಾಣಿಸಿಕೊಳ್ಳುತ್ತದೆ. ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿವೆ, ರಬ್ಬರಿನಲ್ಲಿ ಕರೆಂಟ್ ಹರಿಯದು. ಸ್ಟಾರ್ಟರ್ ತಿರುಗತೊಡಗುವ ಕ್ಷಣದಲ್ಲಿ ನೂರು ಆಂಪಿಯರ್ ದಾಟುವ ಕರೆಂಟು ಬ್ಯಾಟರಿಗೆ ಹಿಂದಿರುಗಲು ಈ ವೈರೇ ದಾರಿ. ಅದನ್ನು ಹಾಕದೆ ಬಿಟ್ಟರೆ, ಅಥವಾ ತುಕ್ಕು ಹಿಡಿದ ಜಾಗಕ್ಕೇ ಬಿಗಿದರೆ, ಕರೆಂಟು ಎಂಜಿನ್ನಿಗೂ ಬಾಡಿಗೂ ನಡುವೆ ಸಿಕ್ಕ ಲೋಹವನ್ನೆಲ್ಲ ಹಿಡಿಯುತ್ತದೆ: ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್. ಅವುಗಳ ತೆಳ್ಳಗಿನ ಉಕ್ಕಿನ ಎಳೆಗಳು ಕಾದು, ಒಳಗಿನ ಪ್ಲಾಸ್ಟಿಕ್ ಕರಗಿ, ಕೇಬಲ್ ಹೊದಿಕೆಯಲ್ಲೇ ಕಚ್ಚಿಕೊಳ್ಳುತ್ತದೆ. ಮಾಲೀಕ ಪೆಡಲ್ ಗಟ್ಟಿಯಾಯಿತೆಂದು ದೂರಿದರೆ ಹೊಸ ಕೇಬಲ್ ಬೀಳುತ್ತದೆ, ಅದೂ ಸುಡುತ್ತದೆ. ಪತ್ತೆಗೆ ಒಂದು ಮಲ್ಟಿಮೀಟರ್ ಸಾಕು: ಒಂದು ತುದಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವೈರು ಬಿಚ್ಚಿ, ಎರಡೂ ತುದಿಯನ್ನು ಹೊಳಪು ಬರುವಂತೆ ಉಜ್ಜಿ, ಮತ್ತೆ ಬಿಗಿದು ಅಳೆಯಬೇಕು.