ಪಾಲಿನಿಂದ ಇಡೀ ಆಸ್ತಿಗೆ: ಭಿನ್ನರಾಶಿ ಭಾಗಾಕಾರದ ಹಿನ್ನೆಲೆ

ತರಗತಿಯಲ್ಲಿ ನಾನು ಪ್ರತಿವರ್ಷ ಒಂದು ಲೆಕ್ಕ ಕೊಡುತ್ತೇನೆ. ಗಂಡನ ಆಸ್ತಿಯಲ್ಲಿ 1/8 ಪಾಲಾಗಿ ವಿಧವೆಗೆ 30,000 ರೂಪಾಯಿ ಬಂದಿದೆ. ಒಟ್ಟು ಆಸ್ತಿ ಎಷ್ಟು? ಬಹಳ ಮಕ್ಕಳು 30,000ವನ್ನು 8ರಿಂದ ಭಾಗಿಸಿ 3,750 ಎಂದು ಬರೆದುಬಿಡುತ್ತಾರೆ. ಪಾಲಿಗಿಂತ ಇಡೀ ಆಸ್ತಿಯೇ ಚಿಕ್ಕದಾಯಿತಲ್ಲ ಎಂದು ಅವರಿಗೆ ಅನಿಸುವುದಿಲ್ಲ. 'ಭಾಜಕವನ್ನು ತಿರುಗಿಸಿ ಗುಣಿಸು' ಎಂಬ ಸೂತ್ರ ಬಾಯಿಪಾಠವಾಗಿದೆ, ಎಲ್ಲಿ ಬಳಸಬೇಕೆಂಬುದು ಮಾತ್ರ ತಿಳಿದಿಲ್ಲ.

ಇಂತಹ ಲೆಕ್ಕ ನಮ್ಮ ಸಮುದಾಯಕ್ಕೆ ಹೊಸದೇನಲ್ಲ. ಪವಿತ್ರ ಕುರ್‌ಆನ್‌ನ ಸೂರಃ ಅನ್ನಿಸಾದಲ್ಲಿ ವಾರಸುದಾರರ ಪಾಲುಗಳು ಭಿನ್ನರಾಶಿಗಳಾಗಿಯೇ ಬಂದಿವೆ: 1/2, 1/4, 1/8, 2/3, 1/3, 1/6. ಇವನ್ನು ಸರಿಯಾಗಿ ಹಂಚುವುದು ಧರ್ಮದ ಕರ್ತವ್ಯವಾದ್ದರಿಂದ ಗಣಿತವೂ ಬೆಳೆಯಿತು. ಖಲೀಫ ಮಾಮೂನರ ಕಾಲದಲ್ಲಿ (813-833) ಬಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯವರ ಗ್ರಂಥದಿಂದ ಆಲ್‌ಜೀಬ್ರಾ ಎಂಬ ಹೆಸರು ಬಂತೆಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಆ ಗ್ರಂಥದ ದೊಡ್ಡ ಭಾಗ ಮೀರಾಸು ಮತ್ತು ವಸಿಯ್ಯತ್‌ಗಳ ಲೆಕ್ಕಗಳಿಗೇ ಮೀಸಲಾಗಿದೆ ಎಂದು ಹೇಳುವವರು ಕಡಿಮೆ.

ತಿರುಗಿಸಿ ಗುಣಿಸುವ ಸೂತ್ರವಾದರೋ ಅದಕ್ಕಿಂತ ಹಿಂದೆಯೇ ಭಾರತದಲ್ಲಿತ್ತು. 628ರಲ್ಲಿ ಬ್ರಹ್ಮಗುಪ್ತ ಅದನ್ನು ಬರೆದಿಟ್ಟ. ಒಂಬತ್ತನೇ ಶತಮಾನದಲ್ಲಿ, ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಭಾಜಕದ ಛೇದವನ್ನು ಅಂಶವಾಗಿಸಿ ಗುಣಾಕಾರದಂತೆಯೇ ಮಾಡಬೇಕೆಂದು ವಿಧಿಸಿದ. ಆ ಮಾನ್ಯಖೇಟವೇ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ.

ಏಕೆ ತಿರುಗಿಸಬೇಕು? ಗಂಡುಮಕ್ಕಳಿಲ್ಲದ ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸೇರಿ 2/3 ಪಾಲು, ಅಂದರೆ 80,000 ರೂಪಾಯಿ ಬಂತೆನ್ನಿ. ಮೂರರಲ್ಲಿ ಎರಡು ಭಾಗ 80,000 ಆದರೆ ಒಂದು ಭಾಗ 40,000. ಮೂರೂ ಭಾಗ ಸೇರಿದರೆ 1,20,000. ನಾವು ಮಾಡಿದ್ದು 2ರಿಂದ ಭಾಗಿಸಿ 3ರಿಂದ ಗುಣಿಸಿದ್ದು, ಅರ್ಥಾತ್ 3/2ರಿಂದ ಗುಣಿಸಿದ್ದು. ಇಷ್ಟನ್ನು ಹಲಗೆಯ ಮೇಲೆ ಮೂರು ಚೌಕ ಬರೆದು ತೋರಿಸಿದರೆ ಸಾಕು, ಸೂತ್ರ ತಾನಾಗಿ ಹೊರಡುತ್ತದೆ.

ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ (1150) ಇದೇ ಜಾತಿಯ ಒಂದು ಲೆಕ್ಕವಿದೆ. ತಾವರೆಗಳಲ್ಲಿ 1/3, 1/5, 1/6, 1/4 ಭಾಗಗಳನ್ನು ದೇವರುಗಳಿಗೆ ಅರ್ಪಿಸಿ ಉಳಿದ 6ನ್ನು ಗುರುವಿಗೆ ಕೊಟ್ಟರೆ ಒಟ್ಟು ಎಷ್ಟು? ಉಳಿದದ್ದು 1/20 ಭಾಗ. 6ನ್ನು ಅದರಿಂದ ಭಾಗಿಸಿದರೆ 120. ಈ ಗ್ರಂಥವನ್ನು ಅಕ್ಬರನ ಆಜ್ಞೆಯಂತೆ ಫೈಜಿ 1587ರಲ್ಲಿ ಪಾರ್ಸಿಗೆ ತಂದರು. ಮೀರಾಸಿನ ಲೆಕ್ಕ ಬಲ್ಲ ಓದುಗರಿಗೆ ತಾವರೆಯ ಲೆಕ್ಕ ಪರಕೀಯವೆನಿಸಿರಲಾರದು.

ಇನ್ನು ನಮ್ಮ ವಿಧವೆಯ ವಿಷಯ. ಲೆಕ್ಕಪತ್ರ ತೋರಿಸದೆ "ನಿಮ್ಮ ಪಾಲು ಇಷ್ಟು" ಎಂದು ಹಣ ಕೈಗಿಡುವ ಮನೆಗಳು ಇವೆ. 30,000ವನ್ನು 1/8ರಿಂದ ಭಾಗಿಸಿದರೆ 2,40,000. ಸಾಲ, ವಸಿಯ್ಯತ್ ತೀರಿಸಿ ಉಳಿದ ಮನೆ, ಹೊಲ, ನಗದು ಎಲ್ಲ ಸೇರಿ ಅದಕ್ಕಿಂತ ಹೆಚ್ಚು ಬೆಲೆ ಬಾಳುವುದಾದರೆ, ಆಕೆಗೆ ಸಲ್ಲಬೇಕಾದುದು ಪೂರ್ತಿ ಸಂದಿಲ್ಲ.