ಹುತ್ರಿದುರ್ಗದ ಹೆಸರೂ ಆಧಾರದ ಪ್ರಶ್ನೆಯೂ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವು ಮಾಗಡಿಯ ಪ್ರಭುಗಳ ಕೋಟೆಗಳಲ್ಲಿ ಒಂದೆಂದು ಹೆಸರಾದುದು. ತಪ್ಪಲಿನಲ್ಲಿ ಸಂತೇಪೇಟೆ, ನೆತ್ತಿಯಲ್ಲಿ ಶಂಕರೇಶ್ವರನ ಗುಡಿ, ನಡುವೆ ಬಂಡೆಯನ್ನು ಬಳಸಿ ಏರುವ ಗೋಡೆಗಳು, ಬಾಗಿಲುಗಳು. ಕಣ್ಣಿಗೆ ಕಾಣುವ ಇಷ್ಟರ ವಿಷಯದಲ್ಲಿ ತಕರಾರಿಲ್ಲ. ಆದರೆ ದುರ್ಗಕ್ಕೆ ಈ ಹೆಸರು ಹೇಗೆ ಬಂದಿತು, ಕಟ್ಟಿಸಿದವನು ಯಾವ ಕೆಂಪೇಗೌಡ ಎಂಬ ಪ್ರಶ್ನೆಗಳನ್ನೆತ್ತಿದರೆ ಮಾತಿಗೆ ಮಾತು ಬೆಳೆಯುತ್ತದೆ. ಎಲ್ಲರೂ ತಿದ್ದಬಹುದಾದ ಒಂದು ಪುಟದಲ್ಲಿ ಇದನ್ನು ಬರೆದಿಡಬೇಕಾದಾಗ ಕೊನೆಯ ಮಾತು ಯಾರದು?

ವಿಶ್ವಕೋಶವು ಕನ್ನಡಕ್ಕೆ ಹೊಸದಲ್ಲ. ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ ಆ ಜಾತಿಯ ಗ್ರಂಥವೇ. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ ಹೊರಬಿದ್ದವು. ಇಂತಹ ಗ್ರಂಥಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಗ್ರಂಥಕರ್ತನೋ ಸಂಪಾದಕ ಮಂಡಲಿಯೋ ತೀರ್ಮಾನ ಹೇಳುತ್ತಿತ್ತು. ಆ ತೀರ್ಮಾನಕ್ಕೆ ನಡೆದ ವಾದವು ಓದುಗನ ಕಣ್ಣಿಗೆ ಬೀಳುತ್ತಿರಲಿಲ್ಲ. ಅಂತರಜಾಲದ ವಿಕಿಪೀಡಿಯ 2001ರಲ್ಲಿ ಇಂಗ್ಲಿಷಿನಲ್ಲಿಯೂ 2003ರಲ್ಲಿ ಕನ್ನಡದಲ್ಲಿಯೂ ಆರಂಭವಾದಾಗ ಈ ವ್ಯವಸ್ಥೆ ತಲೆಕೆಳಗಾಯಿತು. ಅಲ್ಲಿ ಪ್ರಧಾನ ಸಂಪಾದಕನಿಲ್ಲ. ಆದರೆ ಪ್ರತಿಯೊಂದು ಲೇಖನದ ಬೆನ್ನಿಗೂ ಒಂದು ಚರ್ಚೆಯ ಪುಟವಿದೆ; ಯಾರು ಯಾವಾಗ ಯಾವ ಅಕ್ಷರವನ್ನು ತಿದ್ದಿದರೆಂಬ ದಾಖಲೆಯಿದೆ. ಒಬ್ಬನು ಬರೆದುದನ್ನು ಇನ್ನೊಬ್ಬನು ಅಳಿಸುವುದು, ಮೊದಲಿನವನು ಮತ್ತೆ ತಂದು ನಿಲ್ಲಿಸುವುದು, ಹೀಗೆ ಜಗಳ ಬೆಳೆಯದಿರಲೆಂದು ಇಂಗ್ಲಿಷ್ ವಿಕಿಪೀಡಿಯವು 2004ರಲ್ಲಿ ಒಂದು ಮಿತಿಯನ್ನು ಹಾಕಿತು: ಒಂದು ದಿನದೊಳಗೆ ಒಬ್ಬನು ಒಂದು ಪುಟದಲ್ಲಿ ಪರರ ತಿದ್ದುಪಡಿಯನ್ನು ಮೂರು ಬಾರಿಗಿಂತ ಹೆಚ್ಚಾಗಿ ಹಿಂದಿರುಗಿಸಕೂಡದು. ಅದೇ ವರ್ಷ ಕೆಲಸಕ್ಕೆ ತೊಡಗಿದ ಅಲ್ಲಿಯ ಪಂಚಾಯಿತಿ ಮಂಡಲಿಯ ರೀತಿಯೂ ಗಮನಾರ್ಹ. ಅದು ಬರೆಯುವವರ ನಡತೆಯನ್ನು ವಿಚಾರಿಸುತ್ತದೆಯೇ ಹೊರತು ಯಾರು ಬರೆದುದು ಸತ್ಯವೆಂದು ತೀರ್ಪು ಕೊಡುವುದಿಲ್ಲ. ಸತ್ಯದ ಹೊರೆಯನ್ನು ಆಧಾರವೇ ಹೊರಬೇಕು.

ಈ ಆಧಾರವೆಂಬುದರ ತೂಕವೆಷ್ಟೆಂಬುದನ್ನು ನಮ್ಮ ದುರ್ಗದ ಮೇಲೆಯೇ ಪರೀಕ್ಷಿಸೋಣ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಕಾರ್ನ್‌ವಾಲೀಸನ ಸೇನೆಯ ವಶವಾಯಿತು. ಆ ದಂಡಯಾತ್ರೆಯ ವೃತ್ತಾಂತವನ್ನು ಮೇಜರ್ ಡಿರೋಮ್ 1793ರಲ್ಲಿ ಅಚ್ಚು ಹಾಕಿಸಿದನು. ಕೋಟೆ ಯಾವ ದಿನ ಬಿದ್ದಿತೆಂಬುದಕ್ಕೆ ಅವನ ಮಾತು ಒಳ್ಳೆಯ ಸಾಕ್ಷಿ. ಕೋಟೆಯೊಳಗಿದ್ದವರು ಏಕೆ ಸೋತರು, ಅವರ ಮನಸ್ಸಿನಲ್ಲೇನಿತ್ತು ಎಂಬುದಕ್ಕೆ ಅದೇ ಮಾತು ಗೆದ್ದವನ ಮಾತು. ಪುಸ್ತಕ ಒಂದೇ, ಕೇಳುವ ಪ್ರಶ್ನೆ ಬದಲಾದರೆ ಅದರ ಪ್ರಾಮಾಣ್ಯವೂ ಬದಲಾಗುತ್ತದೆ.

ಇನ್ನು ಹೆಸರು. ಅಂದಿನ ಇಂಗ್ಲಿಷ್ ಬರಹಗಳಲ್ಲಿ ಈ ದುರ್ಗದ ಹೆಸರು ‘ಔಟ್ರದ್ರೂಗ್’, ‘ಊಟ್ರದ್ರೂಗ್’ ಎಂಬಂತೆ ಹಕಾರವಿಲ್ಲದೆ ಬರುತ್ತದೆ. ಇದನ್ನು ಹಿಡಿದು ಮೂಲರೂಪ ‘ಉತ್ತರದುರ್ಗ’ವೆಂದು ವಾದಿಸುವುದು ಸುಲಭ. ಆದರೆ ಹಳೆಯ ಮೈಸೂರಿನ ಗ್ರಾಮ್ಯದಲ್ಲಿ ‘ಹಾಲು’ ‘ಆಲು’ ಆಗುವುದನ್ನು, ‘ಹುಲಿ’ ‘ಉಲಿ’ ಆಗುವುದನ್ನು ಕೇಳದವರಾರು? ಪರದೇಶದ ಅಧಿಕಾರಿಯ ಕಿವಿಗೆ ಬಿದ್ದುದು ಮೂಲರೂಪವೋ ಆಡುಮಾತಿನ ರೂಪವೋ ಅವನ ಕಾಗುಣಿತದಿಂದ ತಿಳಿಯದು. ವಾಚಕರು ಗಮನಿಸಬೇಕು: ಇದು ನನ್ನ ತರ್ಕ. ಪತ್ರಿಕೆಯ ಪುರವಣಿಯಲ್ಲಿ, ಬರೆದವನ ಹೆಸರಿನ ಹೊಣೆಯಲ್ಲಿ, ಇದಕ್ಕೆ ಸ್ಥಳವುಂಟು. ವಿಕಿಪೀಡಿಯದಲ್ಲಿ ನಾನೇ ಹೋಗಿ ಇದನ್ನು ಬರೆದರೆ ಅಳಿಸುವುದೇ ನ್ಯಾಯ. ಅಚ್ಚಾಗದ ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ. ಅಧ್ಯಾಪಕನಾದವನಿಗೆ ಇದು ಕಹಿಯಾಗಿ ತೋರಬಹುದು. ಆದರೆ ಪದವಿಯ ಬಲದಿಂದ ನನ್ನ ಊಹೆ ಉಳಿಯುವುದಾದರೆ, ಹಣದ ಬಲದಿಂದಲೋ ಜಾತಿಯ ಬಲದಿಂದಲೋ ಇನ್ನೊಬ್ಬನ ಊಹೆ ಉಳಿಯುವುದನ್ನು ಯಾವ ಬಾಯಿಂದ ತಡೆಯುವುದು?

ಅಚ್ಚಾದ ಮಾತ್ರಕ್ಕೆ ಆಧಾರವು ಅಚಲವೆಂದೂ ತಿಳಿಯಬಾರದು. ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದ ಬಿ. ಎಲ್. ರೈಸರೇ 1889ರಲ್ಲಿ ಶ್ರವಣಬೆಳಗೊಳದ ಸಂಪುಟವನ್ನು ಹೊರತಂದಿದ್ದರು. ಅದರಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಅವು 500 ಆದುವು. ಇದರಿಂದ ರೈಸರ ಘನತೆಗೆ ಕುಂದು ಬರಲಿಲ್ಲ. ಅವರು ಕಲ್ಲಿರುವ ಸ್ಥಳವನ್ನೂ ಪಾಠವನ್ನೂ ಕೊಟ್ಟಿದ್ದರು. ಅನುಮಾನವಿದ್ದವನು ಹೋಗಿ ನೋಡಬಹುದಾಗಿತ್ತು. ತಿದ್ದಲು ದಾರಿಬಿಟ್ಟ ಬರಹವೇ ನಂಬಿಕೆಗೆ ಯೋಗ್ಯವಾದ ಬರಹ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದ ಒಂದು ಸಮಾಧಿಯನ್ನು ಅಲ್ಲಿನ ಬರಹದ ಮೇಲಿಂದ ಹಿರಿಯ ಕೆಂಪೇಗೌಡನದೆಂದು ಗುರುತಿಸಲಾಯಿತು. ಪ್ರಭುವಿನ ಚರಿತ್ರೆಯೂ ಹೀಗೆ ಕಲ್ಲಿನ ಮುಂದೆ ಮತ್ತೆ ನಿಲ್ಲಬೇಕಾಗುತ್ತದೆ.

ಆದರೂ ಈ ನಿಯಮದಲ್ಲಿ ಒಂದು ಅನ್ಯಾಯ ಅಡಗಿದೆ. ಡಿರೋಮನ ಪುಸ್ತಕ ಅಚ್ಚಾಗಿದೆ. ಸಂತೇಪೇಟೆಯ ಮುದುಕರ ನೆನಪು ಅಚ್ಚಾಗಿಲ್ಲ. ಅಚ್ಚಾದುದಷ್ಟೇ ಆಧಾರವಾದರೆ ಹುತ್ರಿದುರ್ಗದ ಪುಟದಲ್ಲಿ ಕೋಟೆಯನ್ನು ಕೆಡವಿದವರ ಮಾತು ಉಳಿದು, ಅದರ ನೆರಳಿನಲ್ಲಿ ಬಾಳಿದವರ ಮಾತು ಅಳಿಯುತ್ತದೆ. 2011ರಲ್ಲಿ ಹಿಂದಿ, ಮಲಯಾಳಂ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ, ಹಳ್ಳಿಯವರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ಆಧಾರವಾಗಿ ತೋರಿಸುವ ಪ್ರಯೋಗವು ನಡೆಯಿತು. ಅದು ಎಲ್ಲರ ಒಪ್ಪಿಗೆಯನ್ನೇನೂ ಪಡೆಯಲಿಲ್ಲ. ನಮಗೆ ತೆರೆದಿರುವ ದಾರಿ ಬೇರೊಂದು. ಹೇಳಿದವರ ಊರು, ಕೇಳಿದ ದಿನ, ಹೇಳಿದ ಮಾತು, ಇವನ್ನು ಬಣ್ಣಗಟ್ಟದೆ ಬರೆದುಕೊಂಡು ಪತ್ರಿಕೆಯಲ್ಲೋ ಕಾಲೇಜಿನ ಸಂಚಿಕೆಯಲ್ಲೋ ಮೊದಲು ಅಚ್ಚು ಹಾಕುವುದು. ಆಗ ಅದು ‘ಸ್ಥಳೀಯರ ಹೇಳಿಕೆ’ ಎಂಬ ತನ್ನ ನಿಜವಾದ ಹೆಸರಿನಿಂದ, ಶಾಸನದ ಪಕ್ಕದಲ್ಲಿ, ಶಾಸನವೆಂಬ ವೇಷವಿಲ್ಲದೆ ನಿಲ್ಲಬಲ್ಲದು. ಎರಡು ಮತಗಳಿದ್ದರೆ ಎರಡನ್ನೂ, ಹೇಳಿದವರ ಹೆಸರಿನೊಡನೆ, ಅವುಗಳ ಬಲಕ್ಕೆ ತಕ್ಕ ಸ್ಥಳದಲ್ಲಿ ಕೊಟ್ಟರೆ ಮುಕ್ಕಾಲು ಪಾಲು ಜಗಳ ಅಲ್ಲಿಗೆ ಮುಗಿಯುತ್ತದೆ.

ಪತ್ರಿಕೆಯವರ ಹೊಣೆ ಇಲ್ಲಿ ಸಣ್ಣದಲ್ಲ. ಅವಸರದಲ್ಲಿ ವಿಕಿಪೀಡಿಯದಿಂದ ಎತ್ತಿದ ಒಂದು ವಾಕ್ಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಮರುದಿನ ಆ ಪತ್ರಿಕೆಯೇ ಆ ವಾಕ್ಯಕ್ಕೆ ಆಧಾರವಾಗುತ್ತದೆ. ಗೋಡೆಗೆ ನೆರಳೇ ಆನಿಕೆಯಾದಂತೆ! ಆದಕಾರಣ ಈ ಪುಟದಲ್ಲಿ ಹುತ್ರಿದುರ್ಗವನ್ನು ಕುರಿತು ಓದಿದುದನ್ನು ಯಾರಾದರೂ ಎತ್ತಿ ಬರೆಯುವುದಾದರೆ, ಹಕಾರದ ಮಾತು ಲೇಖಕನ ಊಹೆಯೆಂಬುದನ್ನೂ ಜೊತೆಯಲ್ಲಿಯೇ ಬರೆಯಲಿ.